ಏಳಕ್ಕೆ ಏಳು

ಕಳೆದ ವರ್ಷ ನಮ್ಮ ಚೆಸ್ ಕ್ಲಬ್ಬಿನ ಪಂದ್ಯಾವಳಿಯಲ್ಲಿ ಸೋತ ಒಂದು ಆಟದ ಹಾಳೆ ಇನ್ನೂ ನನ್ನ ಮೇಜಿನ ಮೇಲಿದೆ. 47 ನಡೆಗಳ ಆಟ. ನಾನು ಕಪ್ಪು ಕಾಯಿ ಆಡಿದ್ದೆ. ಅದಕ್ಕಿಂತ ಹೀನಾಯವಾಗಿ ಸೋತ ಆಟಗಳು ಬೇಕಾದಷ್ಟಿವೆ. ರಾಣಿಯನ್ನೇ ಪುಕ್ಕಟೆ ಕೊಟ್ಟಿದ್ದೇನೆ, ಇನ್ನೆರಡು ನಡೆಗಳಲ್ಲಿ ಚೆಕ್‌ಮೇಟ್ ಇದ್ದದ್ದನ್ನು ಕಾಣದೆ ಕುಳಿತಿದ್ದೇನೆ. ಅವೆಲ್ಲ ಒಂದೆರಡು ರಾತ್ರಿ ಕಾಡಿ ಬಿಟ್ಟುಹೋದವು. ಈ ಆಟ ಮಾತ್ರ ಬಿಡಲಿಲ್ಲ, ಏಕೆಂದರೆ ಇದರಲ್ಲಿ ನಾನು ಏನನ್ನೂ ಕಳೆದುಕೊಳ್ಳಲಿಲ್ಲ. ಒಂಟೆಗೆ ಒಂಟೆ, ಕುದುರೆಗೆ ಕುದುರೆ, ಆನೆಗೆ ಆನೆ. ಕೊನೆಗೆ ಹಲಗೆಯ ಮೇಲೆ ಅವರದೂ ಏಳು ಕಾಲಾಳು, ನನ್ನದೂ ಏಳು ಕಾಲಾಳು. ಅಲ್ಲಿಂದ ಹದಿನಾರು ನಡೆಗಳಲ್ಲಿ ಸೋತೆ.

ಸೋಲಿನ ಕಥೆಗಳನ್ನು ನಾವು ಹೇಳಿಕೊಳ್ಳುವ ರೀತಿಯೇ ಒಂದು ನಡೆಯ ಸುತ್ತ ಕಟ್ಟಿದ್ದು. 2013ರ ವಿಶ್ವ ಚಾಂಪಿಯನ್‌ಷಿಪ್‌ನ ಒಂಬತ್ತನೇ ಆಟದ ಮಾತು ಬಂದರೆ, ಆನಂದ್ ಕುದುರೆಯನ್ನು ಎಫ್1 ಮನೆಗೆ (ಅಕ್ಷರ ಹಲಗೆಯ ಉದ್ದಸಾಲು, ಅಂಕಿ ಅಡ್ಡಸಾಲು) ತಂದದ್ದು, ಕಾರ್ಲ್‌ಸನ್ ರಾಣಿಯನ್ನು ಇ1ಕ್ಕೆ ಇಟ್ಟ ಕೂಡಲೇ ಆಟ ಮುಗಿದದ್ದು, ಇಷ್ಟೇ ಎಲ್ಲರ ನೆನಪು. ಅದಕ್ಕೂ ಮೊದಲು ಆನಂದ್ ಕಟ್ಟಿದ್ದ ದಾಳಿ ಎಷ್ಟು ಧೈರ್ಯದ್ದು ಎಂಬುದನ್ನು ಹೇಳುವವರು ಕಡಿಮೆ. 2006ರಲ್ಲಿ ಆಗಿನ ವಿಶ್ವ ಚಾಂಪಿಯನ್ ಕ್ರಾಮ್ನಿಕ್ ಡೀಪ್ ಫ್ರಿಟ್ಜ್ ಎಂಬ ಕಂಪ್ಯೂಟರ್ ಪ್ರೋಗ್ರಾಮಿನೆದುರು ಒಂದೇ ನಡೆಯ ಚೆಕ್‌ಮೇಟನ್ನು ನೋಡದೆ ರಾಣಿಯನ್ನು ಇ3ಕ್ಕೆ ನಡೆಸಿದ್ದೂ ಹಾಗೆಯೇ ಉಳಿದಿದೆ. ಒಂದು ನಡೆ, ಒಂದು ಕ್ಷಣ, ಒಂದು ಕುಸಿತ. ಇಂಥ ಸೋಲು ನೋವು ಕೊಡುತ್ತದೆ, ಆದರೆ ಬೆರಳಿಟ್ಟು ತೋರಿಸಲು ಒಂದು ಜಾಗವನ್ನೂ ಕೊಡುತ್ತದೆ. ನನ್ನ ಹಾಳೆಯ ಮೇಲೆ ಬೆರಳಿಡಲು ಜಾಗ ಹುಡುಕುತ್ತಲೇ ನನಗೆ ತಿಂಗಳುಗಳು ಹಿಡಿದವು.

ಎದುರಾಳಿ ಹಿರಿಯರು. ವಯಸ್ಸಿನಲ್ಲೂ ಹಿರಿಯರು, ರೇಟಿಂಗಿನಲ್ಲೂ ನನಗಿಂತ ಸುಮಾರು 200 ಅಂಕ ಮೇಲೆ. ಅಷ್ಟು ಅಂತರವಿದ್ದರೆ ರೇಟಿಂಗಿಗೆ ಬಳಸುವ ಎಲೋ ಎಂಬ ಲೆಕ್ಕದ ಪ್ರಕಾರ ಕೆಳಗಿನವನಿಗೆ ನಾಲ್ಕು ಆಟಗಳಿಂದ ಸಿಗುವ ನಿರೀಕ್ಷೆ ಸುಮಾರು ಒಂದು ಅಂಕ, ಅಂದರೆ ಒಂದು ಗೆಲುವು ಅಥವಾ ಎರಡು ಡ್ರಾಗಳಷ್ಟು. ನಾನು ಆಟಕ್ಕೆ ಕೂರುವ ಮೊದಲೇ ಈ ಲೆಕ್ಕ ಹಾಕಿದ್ದೆ. ಡ್ರಾ ಆದರೆ ಸಾಕು, ಅದೇ ನನಗೆ ಗೆಲುವು ಎಂದು ಮನಸ್ಸಿನಲ್ಲಿ ಗೆರೆ ಎಳೆದುಕೊಂಡೇ ಕುರ್ಚಿ ಎಳೆದುಕೊಂಡೆ. ಇದನ್ನು ಇಲ್ಲೇ ಬರೆದುಬಿಡುತ್ತೇನೆ, ಏಕೆಂದರೆ ಮುಂದಿನದೆಲ್ಲ ಇದರ ಬೆನ್ನು ಹತ್ತಿಯೇ ಬಂದಿತು.

ಅವರು ರೂಯ್ ಲೋಪೆಝ್ ಎಂಬ ಆರಂಭವನ್ನು ಆಡಿದರು. ನಾಲ್ಕನೇ ನಡೆಯಲ್ಲೇ ಒಂಟೆಯಿಂದ ನನ್ನ ಸಿ6ರ ಕುದುರೆಯನ್ನು ತೆಗೆದರು. ನಾನು ಡಿ ಕಾಲಾಳಿನಿಂದ ತಿರುಗಿ ತೆಗೆದೆ. ಐದನೇ ನಡೆಗೆ ಡಿ4, ಆರನೆಯದರಲ್ಲಿ ರಾಣಿಗಳು ಹಲಗೆಯಿಂದ ಹೊರಗೆ. ನನಗೆ ಒಳಗೊಳಗೇ ಸಂತೋಷ. ರಾಣಿಗಳು ಹೋದ ಮೇಲೆ ಇನ್ನು ಪೆಟ್ಟು ತಿನ್ನುವ ಭಯವಿಲ್ಲ, ಇಷ್ಟು ಬಲವಾದ ಆಟಗಾರರು ಇಷ್ಟು ಶಾಂತವಾದ ದಾರಿ ಹಿಡಿದರಲ್ಲ ಎಂದುಕೊಂಡೆ.

ಈ ದಾರಿಯ ಒಳಗುಟ್ಟು ಕಾಲಾಳುಗಳಲ್ಲಿದೆ. ರಾಜನ ಬದಿಯಲ್ಲಿ ಬಿಳಿಗೆ ನಾಲ್ಕು, ಕಪ್ಪಿಗೆ ಮೂರು. ರಾಣಿಯ ಬದಿಯಲ್ಲಿ ಕಪ್ಪಿಗೆ ನಾಲ್ಕು, ಬಿಳಿಗೆ ಮೂರು. ಎಣಿಸಿದರೆ ಸಮ. ಆದರೆ ಕಪ್ಪಿನ ನಾಲ್ಕರಲ್ಲಿ ಎರಡು ಸಿ ಸಾಲಿನಲ್ಲಿ ಒಂದರ ಹಿಂದೊಂದು ನಿಂತಿವೆ. ಬಿಳಿಯ ನಾಲ್ಕು ಮುಂದೆ ಸಾಗಿ, ತಡೆಯಿಲ್ಲದೆ ಕೊನೆಯ ಸಾಲಿಗೆ ಹೋಗಿ ರಾಣಿಯಾಗಬಲ್ಲ ಒಂದು ಕಾಲಾಳನ್ನು ಹುಟ್ಟಿಸಬಲ್ಲವು. ಕಪ್ಪಿನ ನಾಲ್ಕನ್ನು ಬಿಳಿಯ ಮೂರು ಕಾಲಾಳುಗಳೇ ಹಿಡಿದು ನಿಲ್ಲಿಸುತ್ತವೆ. ಇದಕ್ಕೆ ಬದಲಾಗಿ ಕಪ್ಪಿಗೆ ಸಿಗುವುದು ಒಂಟೆಗಳ ಜೋಡಿ, ದೂರದಿಂದ ಎರಡೂ ಬಣ್ಣದ ಮನೆಗಳನ್ನು ಕಾಯುವ ಶಕ್ತಿ. ಅಂದರೆ ಕಾಯಿಗಳು ಇರುವತನಕ ಕಪ್ಪು ಸರಿಸಮ. ಎಲ್ಲ ಕಾಯಿಗಳೂ ಹೋದ ದಿನ ಬಿಳಿಯ ಕೈ ಮೇಲು. ಇದು ನೂರು ವರ್ಷಕ್ಕೂ ಹಳೆಯ ತಿಳಿವಳಿಕೆ. ನಾನೂ ಎಲ್ಲೋ ಓದಿದ್ದೆ. ಓದಿದ್ದು ಆ ಸಂಜೆ ನನ್ನ ಬಳಿ ಇರಲಿಲ್ಲ.

ಮುಂದೆ ನಡೆದದ್ದನ್ನು ಹಾಳೆ ನೋಡಿ ಹೇಳುತ್ತೇನೆ. 13ನೇ ನಡೆಯಲ್ಲಿ ಕಪ್ಪು ಮನೆಗಳಲ್ಲಿ ನಡೆಯುವ ಇಬ್ಬರ ಒಂಟೆಗಳೂ ಡಿ6ರಲ್ಲಿ ಬದಲಾದವು. 18ರಲ್ಲಿ ನನ್ನ ಉಳಿದ ಒಂಟೆ ಅವರ ಕುದುರೆಗೆ ಹೋಯಿತು. 22ರಲ್ಲಿ ಕುದುರೆಗಳು. 26ರಲ್ಲಿ ಒಂದು ಜೊತೆ ಆನೆ, 31ರಲ್ಲಿ ಇನ್ನೊಂದು ಜೊತೆ. ಪ್ರತಿ ಸಲ ಕಾಯಿ ಹಲಗೆಯಿಂದ ಇಳಿದಾಗಲೂ ಭುಜದ ಮೇಲಿನ ಭಾರ ಸ್ವಲ್ಪ ಇಳಿದಂತೆ ಅನ್ನಿಸುತ್ತಿತ್ತು. ಆ ಹಗುರ ನನಗೆ ಇಂದಿಗೂ ಚೆನ್ನಾಗಿ ನೆನಪಿದೆ. ಕೊನೆಯ ಆನೆಗಳನ್ನು ಬದಲಿಸುವ ನಡೆ ಆಡಿ ನಾನು ಡ್ರಾ ಕೇಳಿದೆ. ಡ್ರಾ ಕೇಳಿದ್ದನ್ನು ಹಾಳೆಯಲ್ಲಿ ಸಮ ಚಿಹ್ನೆಯಿಂದ ಗುರುತಿಸಬೇಕೆಂಬುದು ನಿಯಮ. 31ರ ಪಕ್ಕದಲ್ಲಿ ಆ ಎರಡು ಪುಟ್ಟ ಗೆರೆಗಳು ಬಹಳ ಅಚ್ಚುಕಟ್ಟಾಗಿವೆ. ಅವರು ಹಲಗೆಯನ್ನು ಒಂದು ನಿಮಿಷ ನೋಡಿ, ಮೆಲ್ಲಗೆ, “ಸ್ವಲ್ಪ ಆಡೋಣ” ಎಂದರು.

ಕಾಲಾಳುಗಳಷ್ಟೇ ಇದ್ದ ಹಲಗೆ

ಆಟ ಮುಗಿದ ಮೇಲೆ ಕೈಕುಲುಕಿ ಎದ್ದು ಹೋಗಬೇಕೆಂದಿದ್ದೆ. ಸೋತ ಕೂಡಲೇ ವಿಶ್ಲೇಷಣೆಗೆ ಕೂರುವುದು ನನಗೆ ಕಷ್ಟ. ಎದುರಿಗಿದ್ದವರು ತಾವು ಮೊದಲೇ ಎಲ್ಲವನ್ನೂ ಕಂಡಿದ್ದೆವೆಂದು ಹೇಳುವುದನ್ನು ಕೇಳಿಸಿಕೊಳ್ಳುವುದು ಇನ್ನೂ ಕಷ್ಟ. ಇವರು ಹಾಗೆ ಏನೂ ಹೇಳಲಿಲ್ಲ. ಕಾಯಿಗಳನ್ನು ಡಬ್ಬಿಗೆ ಹಾಕತೊಡಗಿದರು. ರಾಣಿ, ಆನೆ, ಒಂಟೆ, ಕುದುರೆ, ಎಲ್ಲವೂ ಒಳಗೆ ಹೋದವು. ಉಳಿದ ಕಾಲಾಳುಗಳನ್ನು ಮಾತ್ರ ಒಂದೊಂದಾಗಿ ಹಲಗೆಯ ಮೇಲೆ ಜೋಡಿಸಿದರು, ಏಳನೇ ನಡೆ ಮುಗಿದಾಗ ಅವು ಹೇಗಿದ್ದವೋ ಹಾಗೆ. ಆಮೇಲೆ ಇಬ್ಬರು ರಾಜರನ್ನು ಇಟ್ಟರು.

“ಇದರಲ್ಲಿ ಯಾರಿಗೆ ಗೆಲುವು?” ಎಂದು ಕೇಳಿದರು.

“ಡ್ರಾ ಇರಬೇಕು, ಸರ್” ಎಂದೆ.

“ಹಾಗಾದರೆ ನೀವು ಕಪ್ಪು ತೆಗೆದುಕೊಳ್ಳಿ.”

ಮೂರು ಸಲ ಆಡಿದೆವು. ಮೊದಲ ಸಲ ನಾನು ರಾಜನನ್ನು ಬೇಗ ಬೇಗ ನಡುವಿಗೆ ತಂದೆ. ಅವರು ಅವಸರಪಡದೆ ಎಫ್, ಜಿ, ಎಚ್ ಕಾಲಾಳುಗಳನ್ನು ಒಂದರ ಹೆಗಲಿಗೆ ಒಂದು ಕೊಟ್ಟು ನಡೆಸಿದರು. ಇ ಕಾಲಾಳು ಒಂಟಿಯಾಗಿ ಹೊರಬಂದು ಓಡಿತು, ನನ್ನ ರಾಜ ಅದರ ಹಿಂದೆ ಹೋದ, ಅವರ ರಾಜ ನನ್ನ ಉಳಿದ ಕಾಲಾಳುಗಳ ಕಡೆಗೆ ತಿರುಗಿದ. ಎರಡನೇ ಸಲ ನಾನು ರಾಣಿಯ ಬದಿಯಲ್ಲಿ ನಾಲ್ಕನ್ನೂ ನುಗ್ಗಿಸಿದೆ. ಅವರ ಮೂರು ಕಾಲಾಳುಗಳು ಎಲ್ಲಿ ಎಷ್ಟು ಬೇಕೋ ಅಷ್ಟೇ ಕದಲಿ ನಿಂತವು. ನನ್ನ ಸಿ ಸಾಲಿನ ಜೋಡಿಯಲ್ಲಿ ಮುಂದಿನದು ಸಿಕ್ಕಿಬಿದ್ದಿತು, ಹಿಂದಿನದಕ್ಕೆ ಹೋಗಲು ದಾರಿಯೇ ಇರಲಿಲ್ಲ. ಮೂರನೇ ಸಲ ನಾನು ಏನೂ ಮಾಡದೆ ಕಾದೆ. ಕಾಯುವುದಕ್ಕೂ ನಡೆಗಳು ಬೇಕಲ್ಲ, ಅವು ಬೇಗ ತೀರಿದವು.

ಆಗ ಅವರು ಹೇಳಿದ ಒಂದು ಮಾತು ನನ್ನನ್ನು ನಿಲ್ಲಿಸಿತು. ಗೆದ್ದವರ ಬಾಯಿಂದ ಅಂಥದ್ದನ್ನು ನಾನು ನಿರೀಕ್ಷಿಸಿರಲಿಲ್ಲ. “ನಿಮ್ಮ ಎರಡು ಒಂಟೆ ಇರುವತನಕ ನನಗೆ ಹೆದರಿಕೆಯಿತ್ತು. ಕುದುರೆಗೆ ನಿಲ್ಲಲು ಒಂದು ಒಳ್ಳೆಯ ಮನೆ ಸಿಗುತ್ತಿರಲಿಲ್ಲ. 12ನೇ ನಡೆಯಲ್ಲಿ ನಾನು ಡ್ರಾ ಕೇಳೋಣವೆಂದುಕೊಂಡೆ.”

ಬದಲಿಸಿಕೊಂಡು ತಪ್ಪಿಸಿಕೊಳ್ಳುತ್ತಿದ್ದೇನೆಂದು ನಾನು ನಂಬಿದ್ದ ಹೊತ್ತಿನಲ್ಲಿ, ಎದುರಿಗೆ ಕುಳಿತವರೂ ಹೆದರಿದ್ದರು. ಅವರ ಹೆದರಿಕೆಯನ್ನು ಒಂದೊಂದೇ ಕಾಯಿಯಾಗಿ ಹಲಗೆಯಿಂದ ಇಳಿಸಿಕೊಟ್ಟವನು ನಾನು. ಅವರು ಡಬ್ಬಿ ಮುಚ್ಚಿ ಎದ್ದು ಹೋದ ಮೇಲೂ ನಾನು ಸ್ವಲ್ಪ ಹೊತ್ತು ಆ ಖಾಲಿ ಹಲಗೆಯೆದುರು ಕುಳಿತೇ ಇದ್ದೆ.

ಕೆಂಪು ಬಿದ್ದ ಒಂದೇ ನಡೆ

ರಾತ್ರಿ ಆಟವನ್ನು ಎಂಜಿನ್‌ಗೆ, ಅಂದರೆ ಪ್ರತಿ ನಡೆಗೂ ಅಂಕಿ ಕೊಟ್ಟು ತಪ್ಪು ತೋರಿಸುವ ಚೆಸ್ ಪ್ರೋಗ್ರಾಮಿಗೆ, ಹಾಕಿದೆ. ಅದು ಕೆಂಪು ಬಣ್ಣ ಹಚ್ಚಿದ್ದು 31ನೇ ನಡೆಗೆ ಮಾತ್ರ, ಕೊನೆಯ ಆನೆಗಳನ್ನು ಬದಲಿಸಿದ ನಡೆಗೆ. ಅದಕ್ಕೂ ಮುಂಚಿನ ಬದಲಾವಣೆಗಳಲ್ಲಿ ಅಂಕಿ ಒಂದು ಕಾಲಾಳಿನ ಕಾಲು ಭಾಗದಷ್ಟು ಇಳಿದದ್ದಿತ್ತು, ಅದಕ್ಕಿಂತ ಕಡಿಮೆ ಇಳಿದದ್ದೂ ಇತ್ತು. ಎಲ್ಲವೂ ಆಡಬಹುದಾದ ನಡೆಗಳೇ. ನನಗೆ ಅದು ಅನುಕೂಲವಾಯಿತು. ಆನೆಗಳನ್ನು ಇಟ್ಟುಕೊಂಡಿದ್ದರೆ ಡ್ರಾ ಮಾಡಬಹುದಿತ್ತು, ಕಾಲಾಳುಗಳ ಅಂತ್ಯದಾಟ ನನಗೆ ಗೊತ್ತಿರಲಿಲ್ಲ, ಈಗ ಗೊತ್ತಾಯಿತು. ಸೋಲಿಗೆ ಕಾರಣ ಅಜ್ಞಾನ, ಪರಿಹಾರ ಅಭ್ಯಾಸ. ವಾರಗಟ್ಟಲೆ ಕಾಲಾಳುಗಳ ಅಂತ್ಯದಾಟಗಳನ್ನು ಕಲಿತೆ. ರಾಜರು ಎದುರುಬದುರು ನಿಂತಾಗ ಯಾರ ಸರದಿ ಎಂಬುದರ ಮೇಲೆ ಆಟ ಹೇಗೆ ತಿರುಗುತ್ತದೆ ಎಂಬುದನ್ನು ಮೊದಲ ಬಾರಿಗೆ ಸರಿಯಾಗಿ ಅರ್ಥಮಾಡಿಕೊಂಡೆ. ಆ ಕಲಿಕೆ ಸಾರ್ಥಕವೇ, ಅದರ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಆದರೆ ಅದರಿಂದ ಈ ಆಟ ನನ್ನನ್ನು ಬಿಡಲಿಲ್ಲ.

ಎಂಜಿನ್ ಪ್ರತಿ ನಡೆಯನ್ನೂ ಅದರಷ್ಟಕ್ಕೆ ತೂಗುತ್ತದೆ. ಹಿಂದಿನ ನಡೆಯನ್ನು ಯಾಕೆ ಆಡಿದೆ, ಮುಂದಿನದನ್ನು ಯಾವ ಮನಸ್ಸಿನಿಂದ ಆಡಲಿದ್ದೇನೆ ಎಂಬುದು ಅದಕ್ಕೆ ಬೇಕಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ಐದು ಸಲ ಅಂಕಿ ಇಳಿದದ್ದು ಅದಕ್ಕೆ ಐದು ಬೇರೆ ಬೇರೆ ಇಳಿತಗಳು. ಆಡಿದವನಿಗೆ ಅದು ಒಂದೇ ನಿರ್ಧಾರ, ಐದು ಕಂತುಗಳಲ್ಲಿ ಕಟ್ಟಿದ್ದು. ಅಂಕಿಗಳನ್ನು ನೋಡಿ ಕಲಿಯುತ್ತೇವೆ ಎಂದು ನಂಬುವ ಗೆಳೆಯರಿಗೆ ನಾನು ಇದನ್ನೇ ಹೇಳುತ್ತಿರುತ್ತೇನೆ. ಎಂಜಿನ್ ತೆರೆಯುವ ಮೊದಲು ಪ್ರತಿ ನಡೆಯ ಪಕ್ಕದಲ್ಲಿ ನಿಮಗೆ ಆಗ ಏನನ್ನಿಸಿತ್ತು ಎಂದು ಬರೆಯಿರಿ. ಅಂಕಿ ಕಂಡ ಮೇಲೆ ಬರೆದದ್ದು ನೆನಪಲ್ಲ, ಸಮರ್ಥನೆ. ನಾನು ಆ ರಾತ್ರಿ ಹಾಗೆ ಮಾಡಿರಲಿಲ್ಲ. ಅದಕ್ಕಾಗಿ ಈಗಲೂ ಹಳಹಳಿಸುತ್ತೇನೆ.

ಅದೃಷ್ಟಕ್ಕೆ ಇನ್ನೊಬ್ಬ ಸಾಕ್ಷಿ ಉಳಿದಿದ್ದ. ಆಟದ ಹಾಳೆಯಲ್ಲಿ ನಡೆಗಳಲ್ಲದೆ ಗಡಿಯಾರದ ಸಮಯವನ್ನೂ ಬರೆದುಕೊಳ್ಳಲು ನಿಯಮ ಅವಕಾಶ ಕೊಡುತ್ತದೆ. ನಾನು ಮೊದಲಿನಿಂದಲೂ ಪ್ರತಿ ನಡೆಯ ಪಕ್ಕದಲ್ಲಿ ಉಳಿದ ನಿಮಿಷಗಳನ್ನು ಸಣ್ಣಗೆ ಬರೆಯುತ್ತೇನೆ. ಸಮಯ ಮೀರದಿರಲಿ ಎಂದು ಶುರುಮಾಡಿದ ಅಭ್ಯಾಸ. ಮೂರು ತಿಂಗಳ ನಂತರ ಒಂದು ದಿನ ನಡೆಗಳನ್ನು ಬಿಟ್ಟು ಆ ಅಂಕಿಗಳನ್ನಷ್ಟೇ ಮೇಲಿನಿಂದ ಕೆಳಗೆ ಓದಿದೆ.

90 ನಿಮಿಷದ ಆಟ, ಪ್ರತಿ ನಡೆಗೆ 30 ಸೆಕೆಂಡ್ ಸೇರಿಕೊಳ್ಳುತ್ತದೆ. ಸೋಲೊಪ್ಪಿದಾಗ ನನ್ನ ಗಡಿಯಾರದಲ್ಲಿ 52 ನಿಮಿಷ ಹಾಗೆಯೇ ಉಳಿದಿತ್ತು. ಡಿ6ರ ಬದಲಾವಣೆಗೆ ನಾನು ತೆಗೆದುಕೊಂಡದ್ದು ಒಂದು ನಿಮಿಷವೂ ಇಲ್ಲ. ಕುದುರೆಗಳ ಬದಲಾವಣೆಗೆ ಎರಡು ನಿಮಿಷ. ಆನೆಗಳಿಗೆ ಎರಡು ಸಲವೂ ಒಂದೊಂದು. 17ನೇ ನಡೆಯಲ್ಲಿ ಮಾತ್ರ 14 ನಿಮಿಷ ಹೋಗಿತ್ತು.

ಆ 14 ನಿಮಿಷ ನನಗೆ ಇಡಿಯಾಗಿ ನೆನಪಿದೆ. ಅವರ ಕುದುರೆ ಎಫ್4ಕ್ಕೆ ಬಂದು ಇ6ರಲ್ಲಿದ್ದ ನನ್ನ ಒಂಟೆಯ ಮೇಲೆ ಕಣ್ಣಿಟ್ಟಿತ್ತು. ಒಂಟೆಯನ್ನು ಡಿ7ಕ್ಕೆ ಹಿಂದೆಳೆಯಬಹುದಿತ್ತು. ನಾನು ಅದನ್ನು ನೋಡಿದೆ. ಡಿ7ಕ್ಕೆ ಹೋದರೆ ಅವರು ಏನು ಆಡಬಹುದು, ಅದಕ್ಕೆ ನಾನೇನು, ಆಮೇಲೆ ಅವರೇನು ಎಂದು ಆರೇಳು ದಾರಿಗಳಲ್ಲಿ ಹೋಗಿ ಬಂದೆ. ಯಾವುದರಲ್ಲೂ ನನಗೆ ಕೆಡುಕು ಕಾಣಲಿಲ್ಲ. ಆದರೆ ಯಾವ ದಾರಿಯೂ ಮುಗಿಯುತ್ತಿರಲಿಲ್ಲ. ಪ್ರತಿಯೊಂದರ ತುದಿಯಲ್ಲೂ ಇನ್ನೊಂದು ಹಲಗೆ, ಇನ್ನೊಂದಿಷ್ಟು ಕಾಯಿ, ಇನ್ನೊಂದು ಪ್ರಶ್ನೆ. 14 ನಿಮಿಷ ಕಳೆದ ಮೇಲೆ ನಾನು ಒಂಟೆಯನ್ನು ಅಲ್ಲೇ ಬಿಟ್ಟು ಇನ್ನೊಂದು ಕಡೆ ಕಾಲಾಳನ್ನು ಒಂದು ಮನೆ ಮುಂದೆ ಸರಿಸಿದೆ. ಅವರು ಒಂಟೆಯನ್ನು ತೆಗೆದರು, ನಾನು ಆನೆಯಿಂದ ತಿರುಗಿ ತೆಗೆದೆ. ಹಗುರವಾಯಿತು.

ಇಲ್ಲಿ ನನ್ನ ಅಜ್ಞಾನದ ವಾದ ಬಿದ್ದುಹೋಗುತ್ತದೆ. ಆ ಹೊತ್ತಿನಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಡಿ7 ಒಳ್ಳೆಯ ಮನೆ ಎಂದು ಗೊತ್ತಿತ್ತು. ಒಂಟೆಗಳ ಜೋಡಿ ಆಗಲೇ ಒಡೆದಿದ್ದರೂ ಆ ಒಂಟೆ ನನ್ನ ಒಳ್ಳೆಯ ಕಾಯಿ ಎಂದೂ ಗೊತ್ತಿತ್ತು. ಹಾಗಿದ್ದೂ ಅದನ್ನು ಬಿಟ್ಟುಕೊಟ್ಟದ್ದು, ಅದನ್ನು ಉಳಿಸಿಕೊಂಡರೆ ಇನ್ನೂ ಯೋಚಿಸಬೇಕಾಗುತ್ತದೆ ಎಂಬುದಕ್ಕೆ. ನನಗೆ ಬೇಕಾಗಿದ್ದದ್ದು ಯೋಚನೆ ಮುಗಿಯುವುದು. ಹಲಗೆ ಖಾಲಿಯಾದಷ್ಟೂ ಯೋಚನೆ ಕಡಿಮೆಯಾಗುತ್ತದೆ ಎಂದು ನಂಬಿದ್ದೆ. ಆದರೆ ಕಾಲಾಳುಗಳ ಅಂತ್ಯದಾಟದಲ್ಲಿ ಇರುವಷ್ಟು ಬಿಗಿಯಾದ ಲೆಕ್ಕ ಆಟದ ಬೇರೆ ಯಾವ ಘಟ್ಟದಲ್ಲೂ ಇಲ್ಲ. ಅಲ್ಲಿ ಒಂದು ನಡೆ ತಡವಾದರೆ ತಿದ್ದಿಕೊಳ್ಳಲು ಯಾವ ಕಾಯಿಯೂ ಉಳಿದಿರುವುದಿಲ್ಲ.

ಡಿ6

ಒಂಟೆ ಹೋದದ್ದಕ್ಕಿಂತ ಹೆಚ್ಚಾಗಿ ಈಗ ನನ್ನನ್ನು ಕಾಡುವುದು 13ನೇ ನಡೆ. ಡಿ6ರಲ್ಲಿ ಅವರು ನನ್ನ ಒಂಟೆಯನ್ನು ತೆಗೆದಾಗ ತಿರುಗಿ ತೆಗೆಯಲು ಎರಡು ದಾರಿಗಳಿದ್ದವು, ಆನೆಯಿಂದ ಅಥವಾ ಸಿ7ರ ಕಾಲಾಳಿನಿಂದ. ಕಾಲಾಳಿನಿಂದ ತೆಗೆದಿದ್ದರೆ ಸಿ ಸಾಲಿನ ಜೋಡಿ ಬಿಡಿಸಿಕೊಳ್ಳುತ್ತಿತ್ತು. ನನ್ನ ನಾಲ್ಕು ಕಾಲಾಳುಗಳು ನಾಲ್ಕು ಬೇರೆ ಬೇರೆ ಸಾಲುಗಳಲ್ಲಿ ನಿಲ್ಲುತ್ತಿದ್ದವು. ಅವರು ಆಮೇಲೆ ಹಲಗೆಯ ಮೇಲೆ ಜೋಡಿಸಿ ತೋರಿಸಿದ ಆ ಪಾಠವೇ ಇಲ್ಲವಾಗುತ್ತಿತ್ತು. ನಾನು ಆನೆಯಿಂದ ತೆಗೆದೆ. ಸಾಲು ತೆರೆದಿದೆ, ಆನೆ ಚೆನ್ನಾಗಿ ಕಾಣುತ್ತದೆ, ಡಿ6ರಲ್ಲಿ ಕಾಲಾಳು ನಿಂತರೆ ಅದನ್ನು ಕಾಯುವ ಕೆಲಸ ಬೀಳುತ್ತದೆ. ಮತ್ತೆ ಅದೇ ಕಾರಣ. ಕಾಯಬೇಕಾದದ್ದು ಏನೂ ಇರಬಾರದು.

ಇದೇ ಚೌಕದ ಬಗ್ಗೆ ಒಂದು ಹಳೆಯ ಆಟವಿದೆ. 1914, ಸೇಂಟ್ ಪೀಟರ್ಸ್‌ಬರ್ಗ್ ಪಂದ್ಯಾವಳಿ. ಕ್ಯೂಬಾದ ಕಪಾಬ್ಲಾಂಕಾ ಮುಂದಿದ್ದ, ಆಗಿನ ವಿಶ್ವ ಚಾಂಪಿಯನ್ ಲಾಸ್ಕರನಿಗೆ ಗೆಲುವು ಬೇಕಿತ್ತು. ಗೆಲ್ಲಲೇಬೇಕಾದ ದಿನ ಲಾಸ್ಕರ್ ಆರಿಸಿಕೊಂಡದ್ದು ಇದೇ ಶಾಂತವಾದ ದಾರಿ. ಆ ಆಟದಲ್ಲೂ ರಾಣಿಗಳು ಬೇಗ ಹೋದವು. ಲಾಸ್ಕರ್ ತಾನೇ ಡಿ6ರಲ್ಲಿ ಒಂಟೆಗಳನ್ನು ಬದಲಿಸಿದ, ಕಪಾಬ್ಲಾಂಕಾ ಸಿ ಕಾಲಾಳಿನಿಂದ ತೆಗೆದು ಜೋಡಿಯನ್ನು ಬಿಡಿಸಿಕೊಂಡ. ಆದರೂ ಲಾಸ್ಕರ್ ಗೆದ್ದ, ಇ6ರಲ್ಲಿ ನೆಲೆಯೂರಿದ ಕುದುರೆಯ ಬಲದಿಂದ. ಹಾಗಾಗಿ ಸಿ ಕಾಲಾಳಿನಿಂದ ತೆಗೆದಿದ್ದರೆ ನಾನು ಉಳಿಯುತ್ತಿದ್ದೆ ಎಂದು ಹೇಳಿಕೊಳ್ಳಲು ನನಗೆ ಧೈರ್ಯವಿಲ್ಲ. ಕಪಾಬ್ಲಾಂಕಾನೇ ಉಳಿಯಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಲಾಸ್ಕರನ ಆಯ್ಕೆ. ರಾಣಿಗಳಿಲ್ಲದ ಹಲಗೆಯನ್ನು ಅವನು ಜಗಳಕ್ಕೆ ತಕ್ಕ ಜಾಗವೆಂದು ನೋಡಿದ. ನಾನು ಅದೇ ಹಲಗೆಯನ್ನು ವಿಶ್ರಾಂತಿಯ ಜಾಗವೆಂದು ನೋಡಿದೆ.

ನಮ್ಮ ನಡುವೆ ಹೊಸಬರಿಗೆ ಕೊಡುವ ಒಂದು ಬುದ್ಧಿವಾದವಿದೆ, ಮುಂದಿದ್ದರೆ ಕಾಯಿ ಬದಲಿಸು ಎಂದು. ಅದು ಸರಿಯಾದ ಮಾತೇ. ಆದರೆ ಕ್ಲಬ್ಬಿನಲ್ಲಿ ನಾನು ನೋಡುವ ಬದಲಾವಣೆಗಳಲ್ಲಿ ಮುಂದಿದ್ದವರು ಮಾಡುವುದು ಕಡಿಮೆ. ಹೆದರಿದವರು ಬದಲಿಸುತ್ತಾರೆ, ಎದುರಾಳಿಯ ಕಾಯಿ ಚೆನ್ನಾಗಿ ಕುಳಿತಿದೆ ಎಂದು ಬದಲಿಸುತ್ತಾರೆ, ಏನು ಆಡುವುದೆಂದು ತೋಚದಾಗ ಬದಲಿಸುತ್ತಾರೆ. ಎರಡನೆಯ ಕಾರಣ ಮಾತ್ರ ನನಗೆ ಒಪ್ಪಿಗೆ. ಈಗ ಮಕ್ಕಳ ಆಟಗಳನ್ನು ನೋಡಿಕೊಡುವಾಗ ನಾನು ಕೇಳುವುದು ಒಂದೇ ಪ್ರಶ್ನೆ, ಈ ಕಾಯಿಗಳು ಹೋದ ಮೇಲೆ ಉಳಿಯುವುದು ಏನು? ಹೋದದ್ದನ್ನು ಎಣಿಸುವುದು ಎಲ್ಲರಿಗೂ ಬರುತ್ತದೆ. ಉಳಿದದ್ದನ್ನು ನೋಡಲು ಕಣ್ಣು ಪಳಗಬೇಕು.

ಸೋವಿಯತ್ ವಿಶ್ವ ಚಾಂಪಿಯನ್ ಬೊಟ್ವಿನಿಕ್ ತನ್ನ ಆಟಗಳ ವಿಶ್ಲೇಷಣೆಯನ್ನು ಪ್ರಕಟಿಸುವುದು ಅಗತ್ಯವೆಂದು ಬಲವಾಗಿ ನಂಬಿದ್ದ. ಬರೆದದ್ದನ್ನು ಬೇರೆಯವರು ಓದಿ ತಪ್ಪು ಹಿಡಿದಾಗಲೇ ತನ್ನ ತಪ್ಪು ತನಗೆ ಪೂರ್ತಿ ಕಾಣುತ್ತದೆ ಎಂಬುದು ಅವನ ವಾದ. 1960ರಲ್ಲಿ ಟಾಲ್ ಎದುರು ನಾಲ್ಕು ಅಂಕಗಳ ಅಂತರದಲ್ಲಿ ಕಿರೀಟ ಕಳೆದುಕೊಂಡವನು, ಮರುವರ್ಷದ ಮರುಪಂದ್ಯದಲ್ಲಿ 13–8ರಿಂದ ಗೆದ್ದು ಅದನ್ನು ಮರಳಿ ಪಡೆದ. ಆಗ ಅವನಿಗೆ 49 ವರ್ಷ. ನಾನು ಇದನ್ನೆಲ್ಲ ಇಲ್ಲಿ ಬರೆಯುತ್ತಿರುವುದಕ್ಕೂ ಅವನ ಆ ನಂಬಿಕೆಯೇ ಪ್ರೇರಣೆ. ಓದುವವರಲ್ಲಿ ಯಾರಿಗಾದರೂ 17ನೇ ನಡೆಯ ಬಗ್ಗೆ ನನಗೆ ಕಾಣದ್ದು ಕಂಡರೆ ದಯವಿಟ್ಟು ಹೇಳಿ.

ಈ ವರ್ಷದ ಪಂದ್ಯಾವಳಿಯಲ್ಲಿ ಅವರೆದುರು ಮತ್ತೆ ಕಪ್ಪು ಬಂದಿತು. ಅವರು ಅದೇ ದಾರಿ ಹಿಡಿದರು. ನಾನು ಬೇರೆ ಆರಂಭ ಆಡಬಹುದಿತ್ತು, ಬೇಕೆಂದೇ ಇದನ್ನು ಆಡಿದೆ. ನಾಲ್ಕನೇ ನಡೆಗೆ ಕುದುರೆ ಹೋಯಿತು, ಆರನೆಯದಕ್ಕೆ ರಾಣಿಗಳು. 13ರ ಬದಲು 14ನೇ ನಡೆಯಲ್ಲಿ ಒಂಟೆಗಳು ಡಿ6ರಲ್ಲಿ ಎದುರಾದವು, ಅವರು ತೆಗೆದರು. ನನ್ನ ಕೈ ಅಭ್ಯಾಸಬಲದಿಂದ ಆನೆಯ ಕಡೆಗೆ ಚಾಚಿತು. ಮುಟ್ಟಿದರೆ ಆಡಲೇಬೇಕು, ಮುಟ್ಟುವ ಮೊದಲೇ ಕೈ ಹಿಂದೆಗೆದುಕೊಂಡೆ. ಹಲಗೆಯ ಮೇಲೆ ಇನ್ನೂ ಬಹಳ ಕಾಯಿಗಳಿದ್ದವು. ಡಿ6ಕ್ಕೆ ಕಾಲಾಳು ಬಂದರೆ ಅದನ್ನು ಯಾವುದರಿಂದ ಕಾಯುವುದು, ಎಷ್ಟು ಹೊತ್ತು ಕಾಯುವುದು ಎಂದು ಒಂಬತ್ತು ನಿಮಿಷ ನೋಡಿದೆ. ಉತ್ತರ ಪೂರ್ತಿ ಸಿಗಲಿಲ್ಲ. ಸಿ7ರ ಕಾಲಾಳನ್ನು ಎತ್ತಿ ಡಿ6ರಲ್ಲಿ ಇಟ್ಟು, ಗಡಿಯಾರ ಒತ್ತಿ, ಉಳಿದ ನಿಮಿಷಗಳನ್ನು ಬರೆದುಕೊಂಡೆ. ಅವರು ತಮ್ಮ ಹಾಳೆಯಲ್ಲಿ ನಡೆ ಬರೆಯಲು ಹೊರಟವರು ಪೆನ್ನನ್ನು ಕೆಳಗಿಟ್ಟು, ಕನ್ನಡಕ ಸರಿಮಾಡಿಕೊಂಡು, ಹಲಗೆಯ ಮೇಲೆ ಬಾಗಿದರು.